ಬರದ ಹೊರತು

ನಮ್ಮ ಭಾವನ ಇಂಗ್ಲಿಷಿಗೆ ಕೈಕಾಲು ನೆಟ್ಟಗಿರಲಿಲ್ಲ, ಧೈರ್ಯಕ್ಕೆ ಮಾತ್ರ ಬರವಿರಲಿಲ್ಲ. ಅಕ್ಕನ ಗಂಡ. ನಾನು ಬಟ್ಟೆ ಮಡಚುವ ಲಾಂಡ್ರಿಯಲ್ಲೇ ಮೆಕ್ಯಾನಿಕ್. ಅವತ್ತು ಬೆಳಗ್ಗೆ ಆಳೆತ್ತರದ ವಾಷಿಂಗ್ ಮಷೀನಿನ ಡ್ರಮ್ಮಿನೊಳಗೆ ತೂರುವ ಮುಂಚೆ ಸ್ವಿಚ್ಚಿನ ಪಕ್ಕ ಒಂದು ರಟ್ಟು ನೇತುಹಾಕಿದರು. ಹೊಸ ಆಪರೇಟರಿಗೆ ಕನ್ನಡ ಬಾರದು, ಹಾಗಾಗಿ ಇಂಗ್ಲಿಷಿನಲ್ಲಿ ಬರೆದಿದ್ದರು: ‘ಡೋಂಟ್ ಸ್ಟಾರ್ಟ್ ಅನ್‌ಲೆಸ್ ಐ ಡೋಂಟ್ ಕಮ್ ಔಟ್.’

“ಹೆಂಗಿದೆ, ಟೀಚರಮ್ಮ?” ಎಂದರು. ಹಿಂದೆ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದೆನೆಂದು ನನಗೆ ಆ ಹೆಸರು.

“ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ, ಭಾವ.”

ನಗು ತಡೆದುಕೊಂಡು ನನ್ನ ಮೇಜಿಗೆ ಹೋದೆ. ತಪ್ಪು ಎಲ್ಲಿಂದ ಬಂತೆಂದು ಗೊತ್ತಾಗಿತ್ತು. ನಾವು ‘ಬರದ ಹೊರತು’ ಎನ್ನುತ್ತೇವೆ, ‘ಬರದ’ ಎಂಬಲ್ಲೇ ‘ಇಲ್ಲ’ ಇದೆ. ಇಂಗ್ಲಿಷಿನ ಅನ್‌ಲೆಸ್ ಆ ‘ಇಲ್ಲ’ವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಭಾವ ಅದಕ್ಕೆ ಇನ್ನೊಂದು ಡೋಂಟ್ ಅಂಟಿಸಿದ್ದರು. ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿ ನಗಬೇಕೆಂದುಕೊಂಡೆ.

ಹತ್ತು ದಿಂಬಿನ ಕವರು ಮಡಚುವಷ್ಟರಲ್ಲಿ ಕೈ ತಟ್ಟನೆ ನಿಂತಿತು. ಹಾಗಾದರೆ ಆ ವಾಕ್ಯದ ಅರ್ಥವೇನು? ನಾನು ಹೊರಗೆ ಬರದಿದ್ದರೆ ಮಾತ್ರ ಮಷೀನು ಶುರು ಮಾಡು!

ತಲೆಯೆತ್ತಿದೆ. ಆಪರೇಟರ್ ರಟ್ಟು ಓದಿ, ಮುಚ್ಚಿದ ರಿಪೇರಿ ಕೋಣೆಯತ್ತ ನೋಡಿದ. ಭಾವ ಡ್ರಮ್ಮಿಗೆ ತೂರಿದ್ದನ್ನು ಅವನು ಕಂಡಿರಲಿಲ್ಲ, ಅಲ್ಲೇ ಇದ್ದಾರೆಂದು ಅವನ ಲೆಕ್ಕ. ಅಲ್ಲಿಂದ ಯಾರೂ ಬರಲಿಲ್ಲ. ಅವನ ಕೈ ಸ್ವಿಚ್ಚಿನತ್ತ ಹೋಯಿತು.

ಕೂಗಿದೆ. ಡ್ರೈಯರುಗಳ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಬಟ್ಟೆಯ ಗಾಡಿ ತಳ್ಳಿ, ಒದ್ದೆ ನೆಲದಲ್ಲಿ ಜಾರಿ, ಎದ್ದೆನೋ ಬಿದ್ದೆನೋ ಎಂದು ಓಡಿ ಅವನ ತೋಳಿಗೆ ಜೋತುಬಿದ್ದೆ. ಬೆರಳು ಆಗಲೇ ಸ್ವಿಚ್ಚಿನ ಮೇಲಿತ್ತು. ಅವನು ಗಾಬರಿಯಿಂದ ರಟ್ಟು ತೋರಿಸಿದ. ನಾನು ಡ್ರಮ್ಮು ತೋರಿಸಿದೆ. ಒಳಗಿನಿಂದ ಎರಡು ಕಾಲು ಹೊರಬರುವುದನ್ನು ಕಂಡು ಅವನು ಸ್ವಿಚ್ಚಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಏನಾಗುವುದರಲ್ಲಿತ್ತೆಂದು ಭಾವನಿಗೆ ಹೇಳಬೇಕಾಗಲಿಲ್ಲ. “ಓದೋಕೆ ಬರಲ್ವೇನೋ ನಿಂಗೆ?” ಎಂದು ಅವನ ಕಾಲರಿಗೆ ಕೈಹಾಕಿದರು.

“ಬಿಡಿ, ಭಾವ. ಬರ್ದಿರೋದನ್ನ ಅವನು ಸರಿಯಾಗೇ ಓದಿದಾನೆ.” ರಟ್ಟು ಕಿತ್ತು ಕೈಯಲ್ಲಿ ಹಿಡಿದೆ. “ತಪ್ಪಿದೆ ಅಂತ ನಂಗೆ ಬೆಳಗ್ಗೆನೇ ಗೊತ್ತಿತ್ತು. ನಿಮ್ಮನ್ನ ಆಡ್ಕೊಂಡು ನಗೋಣ ಅಂತ ಬಿಟ್ಟೆ.”

ಭಾವ ಕಾಲರು ಬಿಟ್ಟರು.

“ಮಷೀನು ತಿರುಗಿದ್ರೆ ನಿಮ್ಮಕ್ಕಂಗೆ ಏನಂತ ಹೇಳ್ತಿದ್ದೆ?” ಎಂದರು.

ನಾನು ರಟ್ಟು ತಿರುಗಿಸಿ ಇಂಗ್ಲಿಷಿನಲ್ಲಿ ಬರೆದೆ: ‘ಮ್ಯಾನ್ ಇನ್‌ಸೈಡ್. ಡೋಂಟ್ ಸ್ಟಾರ್ಟ್.’