ಚುಕ್ಕೆಯಾದ ಮೇಲೆ ಪಿ.ಎನ್.

ಅಕ್ಷರ, ಬರೀ ಅಕ್ಷರ, ಪರದೆ ತುಂಬ ತಲೆಬುಡವಿಲ್ಲದ ಅಕ್ಷರ ಉದುರ್ತಾನೇ ಇದೆ, ನಮ್ಮ ಯಜಮಾನರ ತಲೆಯ ಚಿತ್ರ ಎಲ್ಲಿ, ಇಪ್ಪತ್ತು ನಿಮಿಷ ಉಸಿರು ಹಿಡಿದು ಕಾದಿದ್ದು ಈ ಕಸಕ್ಕಾ — ಪರೇಲ್ ಆಸ್ಪತ್ರೆಯಲ್ಲಿ ಇವರ ತಲೆ ಬೋಳಿಸಿ ಆಗಿದೆ, ನಾಲ್ಕರೊಳಗೆ ಹಳೇ ಸ್ಕ್ಯಾನ್ ತಮ್ಮ ಕಣ್ಣಿಗೆ ಬೀಳಬೇಕು, ಕಿವಿಯ ಹತ್ತಿರದ ಗಂಟು ಆಗಲೂ ಇಷ್ಟೇ ಇದ್ದರೆ ಕೊಯ್ಯೋದು ಬೇಡ, ಇಲ್ಲದಿದ್ದರೆ ಕಾಯಲ್ಲ ಅಂದರು ಡಾಕ್ಟರು, ಕೊಯ್ದರೆ ಮಾತು ಹೋದರೂ ಹೋಯಿತು ಅಂತ ಎಷ್ಟು ತಣ್ಣಗೆ ಅಂದುಬಿಟ್ಟರು, ಮಾತು ಹೋದರೆ ಇವರಲ್ಲಿ ಉಳಿಯೋದೇನು, ವಿಕ್ರೋಳಿಯಿಂದ ದಾದರ್ ತನಕ ಲೋಕಲ್‌ನಲ್ಲಿ ಗುರುತಿಲ್ಲದವರ ಜೊತೆ ಹರಟೋ ಬಾಯಿ ಅದು. ಆ ಹಳೇ ಸ್ಕ್ಯಾನಿನ ಫಿಲ್ಮು ಬೆಂಗಳೂರಲ್ಲಿ, ಕೊರಿಯರ್‌ಗೆ ಎರಡು ದಿನ, ಫ್ಯಾಕ್ಸ್‌ನಲ್ಲಿ ಬಂದಿದ್ದು ಬರೀ ಮಸಿ, ಕೊನೆಗೆ ತಮ್ಮ ತಿರುಮಲೇಶ ಅದನ್ನ ಫೈಲು ಮಾಡಿ ಅಲ್ಲಿನ ತನ್ನ ಸಂಸ್ಥೆಯ ಕಂಪ್ಯೂಟರಿಗೆ ಹಾಕಿದ, ನಿಮ್ಮ ಆಫೀಸಿನ ಹೊಸ ಬ್ರೌಸರ್‌ನಲ್ಲಿ ತೆಗೆದು ನೋಡಕ್ಕ ಅಂದ, ಫೈಲಿಗೆ ಹೆಸರೇನಿಡಲಿ ಅಂತಲೂ ಕೇಳಿದ, ನಾನೇ, ನಾನೇ ಹೇಳಿದ್ದು, ಕೊನೇಲಿ ಚುಕ್ಕೆ ಇಟ್ಟು ಪಿ.ಎನ್. ಅಂತ ಹಾಕೋ ಅಂತ, ಪಂಕಜಾ ನಂಜುಂಡ, ಹದಿನಾರು ವರ್ಷದಿಂದ ಟೈಪ್ ಮಾಡಿದ ಪ್ರತಿ ಕಾಗದದ ಕೊನೇಲೂ ಅದೇ, ಬೆರಳಿಗೆ ಅಂಟಿದ ಹಾಳು ಚಾಳಿ, ಬೆಳಿಗ್ಗೆ ಇವರು ಕೈ ಹಿಡಿದು, ನಿನ್ನ ಟೈಪಿಂಗ್‌ನಲ್ಲಿ ತಪ್ಪೇ ಬರಲ್ಲ ಬಿಡು ಪಂಕು ಅಂದಿದ್ದರು.

ಕಂಪ್ಯೂಟರ್ ಸೆಕ್ಷನ್ನಿನ ಸೀತಾರಾಮ ಬಂದ, ಹಣೆ ಚಚ್ಚಿಕೊಂಡ — ಮೇಡಂ, ಬ್ರೌಸರ್ ಫೈಲಿನೊಳಗೆ ಇಣುಕಿ ನೋಡಲ್ಲ, ಆ ಕಡೆಯ ಕಂಪ್ಯೂಟರ್ ಏನಂತ ಹೇಳಿ ಕಳಿಸುತ್ತೋ ಅದನ್ನೇ ನಂಬುತ್ತೆ, ಅದು ಚುಕ್ಕೆಯಾದ ಮೇಲಿನ ಅಕ್ಷರ ನೋಡಿ ಹೇಳುತ್ತೆ, ಜಿಫ್ ಅಂತಿದ್ದರೆ ಚಿತ್ರ, ನಿಮ್ಮ ಇನಿಷಿಯಲ್ ಅದಕ್ಕೇನು ಗೊತ್ತು, ಗೊತ್ತಿಲ್ಲದ್ದನ್ನೆಲ್ಲ ಬರಹ ಅಂದುಬಿಡುತ್ತೆ, ತೆರೆಯೋದೇ ಬೇಡ, ಡಿಸ್ಕಿಗೆ ಇಳಿಸಿ ಇಲ್ಲೇ ಹೆಸರು ಬದಲಾಯಿಸೋಣ. ಮತ್ತೆ ಇಪ್ಪತ್ತು ನಿಮಿಷ, ಎರಡೂವರೆ ಆಗಿಹೋಗಿದೆ, ಪ್ರಿಂಟ್ ಹಿಡಿದು ಸ್ಟೇಷನ್‌ಗೆ ಓಡಬೇಕು, ಇಳೀತಾ ಇದೆ, ಇಳೀತಾ ಇದೆ, ನಿಂತಿತು. ಕಂಪ್ಯೂಟರಿನ ಫೋನ್ ಲೈನ್ ಕಟ್. ಮತ್ತೆ ಹಚ್ಚಿದ, ಹತ್ತಲಿಲ್ಲ, ಮತ್ತೆ, ಹತ್ತಲಿಲ್ಲ, ಮೂರೂಕಾಲು, ಮೂರೂವರೆ, ಇಳಿದಷ್ಟನ್ನೇ ತೆರೀತೀನಿ ಮೇಡಂ ಅಂತ ಹೆಸರು ತಿದ್ದಿದ — ಬಂತು, ಚಿತ್ರ ಬಂತು, ಇವರ ಹಣೆಯ ಬೆಳ್ಳನೆ ಮೂಳೆ, ಅದರ ಕೆಳಗೆ ಕಪ್ಪು, ಕಿವಿಯ ತನಕ ಬಂದೇ ಇಲ್ಲ, ಕಪ್ಪು, ಫೋನು, ಪರೇಲಿನಿಂದ, ಡಾಕ್ಟರದೇ ದನಿ, ಸ್ಕ್ಯಾನ್ ಸಿಕ್ತಾ, ಇಲ್ಲವಾದರೆ ಒಳಗೆ ಕರಕೊಂಡು ಹೋಗ್ತೀವಿ, ನೀವು ಹೂಂ ಅನ್ನಬೇಕು, ಅನ್ನಲಾ, ಒಂದು ಗೆರೆ, ಇನ್ನು ನಾಲ್ಕೇ ಬೆರಳು ಇಳಿದಿದ್ದರೆ, ಮೇಡಂ ಕೇಳಿಸ್ತಾ ಇದೆಯಾ, ಹಣೆ, ಹಣೆಯ ಕೆಳಗೆ ಕಪ್ಪು, ಹೂಂ ಅಂದೆನಾ, ಯಾರು ಅಂದಿದ್ದು, ಹಣೆ, ಕಪ್ಪು, ಕಪ್ಪು