ಐದನೆಯ ಚಮಚ

ಯೇಚನ್ ಊರಿನ ಚರ್ಚಿನಲ್ಲಿ ಭಾನುವಾರ ಬಂದರೆ ಎಲ್ಲಕ್ಕಿಂತ ಭಾರದ ಅಕ್ಕಿಚೀಲ ಬೋಬೆಯದೇ. ಅಕ್ಕಿ ಗಿರಣಿಯ ಯಜಮಾನಿಯ ಚೀಲ ಹಗುರಾಗಿದ್ದೀತೇ? ಅದನ್ನು ಚರ್ಚಿನ ಗೋಡೆಯಲ್ಲಿ ತನ್ನ ಹೆಸರಿನ ಮೊಳೆಗೆ ನೇತುಹಾಕುವಾಗ, ಆಚೀಚೆಯವರಿಗೆ ಕೇಳಲೆಂದೇ ಅವಳು 'ಉಸ್ಸಪ್ಪಾ' ಅನ್ನುತ್ತಿದ್ದಳು.

ಆ ಚೀಲ ತುಂಬುವುದಕ್ಕೊಂದು ಕ್ರಮವಿತ್ತು. ಹೊತ್ತುಹೊತ್ತಿಗೂ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ಮನೆಮಂದಿಯ ಹೆಸರು ಹಿಡಿದು ದೇವರಲ್ಲಿ ಬೇಡಿಕೊಳ್ಳುತ್ತ, ಹೆಸರಿಗೊಂದು ಚಮಚ ಎತ್ತಿಡಬೇಕು. ವಾರವಿಡೀ ಕೂಡಿದ್ದು ಚರ್ಚಿನ ಮಣ್ಣಿನ ಗುಡಾಣಕ್ಕೆ. ಅಲ್ಲಿಂದ ಪಾಸ್ಟರ ಮನೆಗೆ, ಇಲ್ಲದವರ ಮನೆಗೆ. ಬೋಬೆಗೆ ಅಷ್ಟು ವ್ಯವಧಾನವೆಲ್ಲಿ? ಶನಿವಾರ ಗಿರಣಿಯ ಮೂಟೆಯಿಂದ ಚೀಲಕ್ಕೆ ಸುರಿದು ಬಾಯಿ ಕಟ್ಟಿಬಿಡುತ್ತಿದ್ದಳು. ಹೆಸರು ಹೇಳುವ ಗೋಜೇ ಅವಳಿಗೆ ಬೇಡವಾಗಿತ್ತು. ಒಬ್ಬಳೇ ಮಗಳು ಮಿರ್ಯೆ ಕಲ್ಲಿದ್ದಲು ಗಣಿಯ ಕೂಲಿಯವನನ್ನು ಮದುವೆಯಾಗಿ ಹೋಗಿ ಮೂರು ವರ್ಷ. "ಈ ಮನೇಲಿ ಅವಳ ಹೆಸರೆತ್ತಿದ್ರೆ ಜೋಕೆ" ಎಂದು ಅಪ್ಪಣೆ ಮಾಡಿದವಳು ಬೋಬೆಯೇ. ಅಂದಿನಿಂದ ಪ್ರಾರ್ಥನೆಗೆ ಕೂತರೆ ಎದೆ ಬತ್ತಿದ ಬಾವಿಯ ಹಾಗೆ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಗುಡಾಣದ ಉಸ್ತುವಾರಿಯೂ ಅವಳದೇ. ಮೂರು ತಿಂಗಳಿಂದ ಗನ್ನಾನಿಯ ಚೀಲದಲ್ಲಿ ಅಕ್ಕಿಯ ಜೊತೆ ಬಾರ್ಲಿ ಬರತೊಡಗಿತ್ತು. ಗನ್ನಾನಿ ಗುಡ್ಡದ ಮೇಲಿನ ಜೋಪಡಿಯವಳು. ಗಂಡ ಹಾಸಿಗೆ ಹಿಡಿದಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ತೋಫು ಮಾರಿ ಸಾಕುತ್ತಿದ್ದಳು. ಬೋಬೆ ಮೂಗು ಮುರಿಯುತ್ತ ಆ ಬಾರ್ಲಿಯನ್ನೆಲ್ಲ ಆರಿಸಿ ತನ್ನ ಕೋಳಿಗಳಿಗೆ ಎರಚುತ್ತಿದ್ದಳು.

ಒಂದು ಶನಿವಾರ ಸಂಜೆ ತಾಳ್ಮೆ ಕೆಟ್ಟು, ಬಿಳಿ ಅಕ್ಕಿಯ ಗಂಟು ಹಿಡಿದು ಗುಡ್ಡ ಹತ್ತಿಯೇಬಿಟ್ಟಳು.

"ಏನೇ ಗನ್ನಾನಿ, ಪಾಸ್ಟರಿಗೆ ಕೋಳಿ ಕಾಳು ತಿನ್ನಿಸ್ಬೇಕು ಅಂತಿದ್ಯಾ? ತಗೋ, ಇದನ್ನ ನಿನ್ನ ಚೀಲಕ್ಕೆ ಸುರ್ಕೋ. ನಾಳೆ ಬಾರ್ಲಿ ಕಣ್ಣಿಗೆ ಬೀಳ್ಬಾರ್ದು."

ಒಲೆಯ ಮುಂದಿದ್ದ ಗನ್ನಾನಿ ನಕ್ಕಳು. "ನಿಮ್ಮ ಅಕ್ಕಿ ನನ್ನ ಚೀಲಕ್ಕೆ ಸುರಿದ್ರೆ ದೇವ್ರಿಗೆ ಗೊತ್ತಾಗಲ್ವಾ ಅಕ್ಕಾ? ಮಕ್ಕಳಿಗೆ ಅನ್ನ ಮಾಡು ಅಂದ್ರೆ ಬೇಡ ಅನ್ನಲ್ಲ. ಕೂತ್ಕೊಳ್ಳಿ, ಇದೊಂದು ಮುಗಿಸ್ತೀನಿ."

ಸೋರೆಬುರುಡೆಯಲ್ಲಿ ಹಿಡಿಯಷ್ಟು ಅಕ್ಕಿ, ಪಕ್ಕದಲ್ಲಿ ಮನೆಯವರ ಗಂಜಿಗೆ ಬಾರ್ಲಿ. ಗಂಡನ ಹೆಸರಿಗೊಂದು ಚಮಚ ಅಕ್ಕಿ, ಮಕ್ಕಳಿಗೆರಡು, ತನಗೊಂದು ಎತ್ತಿಟ್ಟಳು. ಬುರುಡೆಯ ತಳ ಕಂಡಿತು. ಆಮೇಲೆ ಬಾರ್ಲಿಗೆ ಚಮಚ ಹಾಕಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು.

"ಇರೋರು ನಾಲ್ಕು ಜನ. ಐದನೇದು ಯಾರಿಗೇ?"

ಗನ್ನಾನಿ ತಲೆ ತಗ್ಗಿಸಿದಳು. "ಬೈಬೇಡಿ ಅಕ್ಕಾ. ನಿಮ್ಮ ಮಿರ್ಯೆಗೆ. ನಾನು ಚಿಕ್ಕವಳನ್ನ ಹೆತ್ತಾಗ ಬಾಣಂತಿಗೆ ಅಂತ ಕಡಲಪಾಚಿ ಸಾರು ಹೊತ್ಕೊಂಡು ಈ ಗುಡ್ಡ ಹತ್ತಿದವಳು ಅವಳೊಬ್ಬಳೇ. ನೀವಂತೂ ಅವಳ ಹೆಸರಲ್ಲಿ ದಿನಾ ಎತ್ತಿಡ್ತೀರಿ, ನಂದೂ ಒಂದಿರ್ಲಿ ಅಂತ. ಇವರು ಹಾಸಿಗೆ ಹಿಡಿದ ಮೇಲೆ ನಾಲ್ಕಕ್ಕೇ ಅಕ್ಕಿ ಮುಗಿಯುತ್ತೆ, ಅದಕ್ಕೇ ಬಾರ್ಲಿ."

ಬೋಬೆ ಆ ಬಾರ್ಲಿಯ ಚಮಚವನ್ನೇ ನೋಡಿದಳು. ಇಷ್ಟು ದಿನ ತಾನು ಕೋಳಿಗಳಿಗೆ ಎರಚಿದ್ದು ಮಗಳ ಹೆಸರಿನ ಕಾಳು! ಗಂಟನ್ನು ಅಲ್ಲೇ ಇಟ್ಟು ಗುಡ್ಡ ಇಳಿದಳು. ದಾರಿಯುದ್ದಕ್ಕೂ ನಾಚಿಕೆಯಿಂದ ಅತ್ತಳು. ಗಿರಣಿ ತುಂಬ ಅಕ್ಕಿಯಿದ್ದ ತನ್ನ ಮನೆಯಲ್ಲಿ ಮಿರ್ಯೆಗೆಂದು ಒಂದು ಚಮಚವಿರಲಿಲ್ಲ, ಈ ಜೋಪಡಿಯಲ್ಲಿತ್ತು.

ಮಾರನೆಯ ಬೆಳಿಗ್ಗೆ ಅಡುಗೆಯವಳ ಕೈಯಿಂದ ಚಮಚ ಕಿತ್ತುಕೊಂಡಳು. ಗಂಡನ ಹೆಸರು ಸಲೀಸಾಗಿ ಬಂತು. ಎರಡನೆಯ ಚಮಚ ಎತ್ತಿದರೆ ಹೆಸರು ಬರಲಿಲ್ಲ. ಎರಡು ಸಲ ಅಕ್ಕಿ ಮತ್ತೆ ಗಡಿಗೆಗೇ ಚೆಲ್ಲಿತು. ಮೂರನೆಯ ಸಲಕ್ಕೆ "ಮಿರ್ಯೆ" ಎಂದಳು. ಅಷ್ಟೇ ಅಂದದ್ದು, ಬೇರೆ ಪ್ರಾರ್ಥನೆಯೇನೂ ಹೊಳೆಯಲಿಲ್ಲ. ಬತ್ತಿದ್ದ ಎದೆಯಲ್ಲಿ ಏನೋ ಒಸರಿದ ಹಾಗಾಯಿತು.

ಮುಂದಿನ ಭಾನುವಾರ ಬೋಬೆಯ ಮೊಳೆಗೆ ಚೀಲವೇ ಬರಲಿಲ್ಲ. ಹೆಂಗಸರು ಗುಸುಗುಸು ಮಾತಾಡಿಕೊಂಡರು. ಅವಳು ಆಗ ಗಣಿಯೂರಿನ ಬಸ್ಸಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಒಂದು ವಾರದ, ಒಂದೇ ಹೆಸರಿನ ಚಮಚಗಳ ಪುಟ್ಟ ಗಂಟು.

ಕಲ್ಲಿದ್ದಲ ಪುಡಿ ಮೆತ್ತಿದ ಬಾಗಿಲನ್ನು ಮಿರ್ಯೆಯೇ ತೆರೆದಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಬೋಬೆಗೆ ಮರೆತುಹೋಗಿದ್ದವು.

"ಒಳಗೆ ಬಾಮ್ಮಾ, ಚಳಿ" ಎಂದಳು ಮಗಳು.

ಬೋಬೆ ಸೀದಾ ಒಲೆಯ ಹತ್ತಿರ ಹೋಗಿ ಗಂಟು ಬಿಚ್ಚಿದಳು. "ಅನ್ನಕ್ಕಿಡ್ತೀನಿ, ಒಂದು ಚಮಚ ಕೊಡೇ" ಎಂದವಳು, ತಿರುಗಿ ನೋಡದೆ ಕೇಳಿದಳು: "ನಿನ್ನ ಗಂಡನ ಹೆಸರೇನು? ಅವನಿಗೂ ಒಂದು ಎತ್ತಿಡ್ಬೇಕಲ್ಲ."