ಡ್ರೈ ಫೋರ್ಕಿನ ಆ ಒಂದು ಮತ

ಅಧ್ಯಕ್ಷರ ಚುನಾವಣೆಯ ಫಲಿತಾಂಶ ಬಂದ ಮೇಲೆ ಒಂದು ವಾರ ನಮ್ಮೂರು ಡ್ರೈ ಫೋರ್ಕ್ ಸೂತಕದ ಮನೆಯ ಹಾಗಿತ್ತು. ನಮ್ಮವನು ಟೆಕ್ಸಾಸಿನಲ್ಲಿ ಗೆದ್ದು ದೇಶದಲ್ಲಿ ಸೋತಿದ್ದ. ಪೆಟ್ರೋಲ್ ಬಂಕಿನಲ್ಲಿ, ಟ್ರ್ಯಾಕ್ಟರ್ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲೆಲ್ಲೂ ಒಂದೇ ಮಾತು. ಇಂಥ ದೇಶದಲ್ಲಿ ಇನ್ನು ನಮಗೇನು ಕೆಲಸ?

ಅಳು ಮುಗಿದ ಮೇಲೆ ಸಿಟ್ಟು ಬಂತು. ಹತ್ತಿ ಜಿನ್ನಿಂಗ್ ಮಿಲ್ಲಿನ ಒಡೆಯನ ಹೆಂಡತಿ ಜೋನೆಲ್ ಒಂದು ಮನವಿ ಬರೆದಳು. ನಾವಾಗಿಯೇ ಸೇರಿದ ಒಕ್ಕೂಟ ಇದು, ನಾವಾಗಿಯೇ ಬಿಟ್ಟು ಹೋಗುತ್ತೇವೆ, ಟೆಕ್ಸಾಸನ್ನು ಬೇರೆ ದೇಶವಾಗಲು ಬಿಟ್ಟುಬಿಡಿ ಎಂಬುದು ಅದರ ಸಾರ. ಪ್ರತಿ ಬುಧವಾರ ಸಂಜೆ ಚರ್ಚಿನ ಹಾಲಿನಲ್ಲಿ ಊರಿಗೆಲ್ಲ ಒಟ್ಟಿಗೆ ಊಟ. ಅಲ್ಲಿ ಸಿಹಿ ತಿಂಡಿಗಳ ಪಕ್ಕದಲ್ಲೇ ಅವಳು ಆ ಕಾಗದ ಇಟ್ಟಳು. ಅದನ್ನು ದಾಟದೆ ಯಾರಿಗೂ ಒಂದು ತುಂಡು ಪೀಚ್ ಪೈ ಸಿಗುವಂತಿರಲಿಲ್ಲ. ಜಾಣೆ ಅವಳು, ಅದರಲ್ಲಿ ಎರಡು ಮಾತಿಲ್ಲ.

ನನ್ನ ಗಂಡ ರಾಯ್ಸ್ ಮೊದಲ ದಿನವೇ ಸಹಿ ಹಾಕಿದ. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಅಡುಗೆಮನೆ ಸೇರಿಕೊಂಡೆ.

ಅಷ್ಟರಲ್ಲಿ ಜಿಲ್ಲೆಯ ಪತ್ರಿಕೆಯಲ್ಲಿ ಮತಗಟ್ಟೆವಾರು ಲೆಕ್ಕ ಬಂತು. ನಮ್ಮ ಮತಗಟ್ಟೆಯ ಮತಗಳೆಲ್ಲ ನಮ್ಮವನಿಗೇ ಬಿದ್ದಿದ್ದವು. ಒಂದನ್ನು ಬಿಟ್ಟು. ಆ ಒಂದು ಇನ್ನೊಬ್ಬನಿಗೆ ಹೋಗಿತ್ತು.

ಹತ್ತು ಹೋಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಹತ್ತು ಅಂದರೆ ಬರಿಯ ಲೆಕ್ಕ. ಒಂದು ಅಂದರೆ ಒಬ್ಬ ಮನುಷ್ಯ. ಅವನಿಗೊಂದು ಮುಖ ಇರುತ್ತದೆ, ಬುಧವಾರ ನಿಮ್ಮ ಎದುರಿಗೇ ಕೂತು ಉಪ್ಪಿನ ಡಬ್ಬಿ ಈ ಕಡೆ ಕೊಡಿ ಅನ್ನುತ್ತಿರುತ್ತಾನೆ. ಊರು ಆ ಮುಖ ಹುಡುಕತೊಡಗಿತು.

ಆ ಮತ ನನ್ನದು. ಏಕೆ ಹಾಕಿದೆ ಎಂದು ನಾನು ಹೇಳುವುದಿಲ್ಲ. ಹೇಳಬೇಕಾಗಿಲ್ಲ ಎಂದೇ ಅಲ್ಲವೇ ಮತಗಟ್ಟೆಯಲ್ಲಿ ರಟ್ಟಿನ ಮರೆ ಇಟ್ಟಿರುವುದು? ಮದುವೆಯಾದಂದಿನಿಂದ ನಾನು ಯಾವ ಬಣ್ಣದ ಪರದೆ ತರಬೇಕು ಎನ್ನುವುದಕ್ಕೂ ಹತ್ತು ಜನರ ಸಲಹೆ ಕೇಳಿದ್ದೇನೆ. ಆ ರಟ್ಟಿನ ಹಿಂದೆ ಒಂದು ಗಳಿಗೆ ನಾನೊಬ್ಬಳೇ ಇದ್ದೆ. ಅಷ್ಟೇ.

ಊರು ಹುಡುಕಿ ಹಿಡಿದದ್ದು ನನ್ನನ್ನಲ್ಲ, ಎಮೆಟ್ ಲಸ್ಕ್ ಸರ್ ಅವರನ್ನು.

ಲಸ್ಕ್ ಸರ್ ನಮಗೆಲ್ಲ ಇತಿಹಾಸ ಕಲಿಸಿದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಒಮ್ಮೆಯಾದರೂ ಫೇಲಾದವರೇ. ಮನವಿಗೆ ಸಹಿ ಹಾಕಿ ಎಂದು ಜೋನೆಲ್ ಹೋದಾಗ ಅವರು, "ಸೈನ್ಯಕ್ಕೆ ಸೇರೋವಾಗ ಈ ದೇಶದ ಹೆಸರಲ್ಲಿ ಪ್ರಮಾಣ ಮಾಡಿದೀನಿ ಕಣಮ್ಮ. ನಮ್ಮವನು ಸೋತ ಅಂತ ಅದನ್ನ ವಾಪಸ್ ತಗೊಳ್ಳೋಕಾಗುತ್ತಾ?" ಅಂದರಂತೆ. ಹಾಗಾದ್ರೆ ನೀವು ಮತ ಹಾಕಿದ್ದು ಯಾರಿಗೆ ಎಂದು ಅವಳು ಕೇಳಿದಳು. "ಅದನ್ನ ನಾನು ನನ್ನ ಹೆಂಡತಿಗೇ ಯಾವತ್ತೂ ಹೇಳ್ಲಿಲ್ಲ, ನಿಂಗೆ ಹೇಳ್ತೀನಾ?" ಎಂದು ಬಾಗಿಲು ಹಾಕಿಕೊಂಡರಂತೆ. ಅಲ್ಲಿಗೆ ತೀರ್ಪಾಯಿತು. ಸಹಿ ಹಾಕದವನೇ ಆ ಮತ ಹಾಕಿದವನು. ನಮ್ಮೂರಿನವರ ತಲೆ ಓಡುವುದೇ ಹಾಗೆ.

ಅದೇ ವಾರ ಅವರು ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಲಬಕ್ ನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಮನೆಗೆ ಬಂದರು. ನಮ್ಮಲ್ಲಿ ಯಾರಾದರೂ ಕಾಲ್ಬೆರಳು ಎಡವಿಕೊಂಡರೂ ಸಾಕು, ಸಂಜೆಯೊಳಗೆ ಮನೆ ತುಂಬ ಊಟದ ಪಾತ್ರೆ. ಕೋಳಿ, ಅನ್ನ, ಚೀಸ್ ಹಾಕಿ ಓವನ್ನಿನಲ್ಲಿ ಬೇಯಿಸಿದ್ದು, ಬೀನ್ಸ್, ಜೋಳದ ರೊಟ್ಟಿ. ಪ್ರತಿ ಪಾತ್ರೆಯ ತಳದಲ್ಲೂ ಟೇಪಿನ ಮೇಲೆ ಮನೆಯಾಕೆಯ ಹೆಸರು. ವಾಸಿಯಾದವರು ಆ ಹೆಸರು ನೋಡಿ ಪಾತ್ರೆ ಹಿಂದಿರುಗಿಸಬೇಕು, ಖಾಲಿ ಮಾತ್ರ ಕೊಡುವ ಹಾಗಿಲ್ಲ. ಲಸ್ಕ್ ಸರ್ ಮನೆಗೆ ಒಂದು ಪಾತ್ರೆಯೂ ಹೋಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರದು ಒಂಟಿ ಮನೆ. ನನ್ನ ಪಾಪಕ್ಕೆ ಅವರು ಉಪವಾಸ ಬೀಳುತ್ತಿದ್ದರು.

ಕೊನೆಗೆ ಕೋಳಿ ಬೇಯಿಸಿದೆ. ತಳದಲ್ಲಿದ್ದ 'ಮಿಸೆಸ್ ರಾಯ್ಸ್ ಟ್ಯಾಕೆಟ್' ಎಂಬ ಹಳೆಯ ಟೇಪನ್ನು ಬಿಸಿನೀರಲ್ಲಿ ನೆನೆಸಿ ಉಗುರಿಂದ ಕೆರೆದು ತೆಗೆದೆ. ಊರಿಗೆ ಊರೇ ಹತ್ತಿ ಕೊಯ್ಲಲ್ಲಿ ಮುಳುಗಿದ್ದ ಮಟಮಟ ಮಧ್ಯಾಹ್ನ ಅವರ ಹಿತ್ತಲ ಬಾಗಿಲಲ್ಲಿ ಪಾತ್ರೆ ಇಟ್ಟು, ಬಾಗಿಲು ತಟ್ಟಿ ಓಡಿಬಂದೆ. ಮೊಮ್ಮಕ್ಕಳನ್ನು ಕಂಡವಳು, ಶಾಲೆಯ ಹುಡುಗಿಯ ಹಾಗೆ ಬೇಲಿ ಸಂದಿಯಲ್ಲಿ ಓಡಿದೆ. ನೆನೆಸಿಕೊಂಡರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ.

ಪಾತ್ರೆ ಬದಲಿಸಬೇಕು ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ. ನಮ್ಮತ್ತೆಯದು ಅದು, ನೀಲಿ ಹೂವಿನ ಬಿಳಿ ಪಾತ್ರೆ, ಒಂದು ಮೂಲೆ ಚಕ್ಕೆ ಎದ್ದದ್ದು.

ಮುಂದಿನ ಬುಧವಾರ ಊಟ ಅರ್ಧ ಆಗಿತ್ತು. ಹಾಲಿನ ಬಾಗಿಲು ತೆರೆದು ಲಸ್ಕ್ ಸರ್ ಬಂದರು. ಕೈಯಲ್ಲಿ ಅಲ್ಯೂಮಿನಿಯಮ್ಮಿನ ವಾಕರ್, ಅದರ ಹಿಡಿಗೆ ಕಟ್ಟಿದ ಚೀಲದಲ್ಲಿ ನಮ್ಮ ನೀಲಿ ಹೂವಿನ ಪಾತ್ರೆ. ಅವರು ಟಕ್ ಟಕ್ ಎಂದು ನಡೆದು ಬಂದು, ಪಾತ್ರೆಯನ್ನು ಮನವಿಯ ಪಕ್ಕದಲ್ಲೇ ಇಟ್ಟರು. ಅದರ ತುಂಬ ಅಕ್ರೋಟಿನಂಥ ಪೆಕಾನ್ ಬೀಜ. ಒಂದೊಂದನ್ನೂ ಒಡೆದು, ಸುಲಿದು, ಇಡಿಯಾಗಿ ತೆಗೆದದ್ದು.

"ಯಾರೋ ಹೆಸರು ಬರೆಯೋದು ಮರೆತಿದಾರೆ," ಅಂದರು. "ಯಾರ ಪಾತ್ರೆನೋ ತಗೊಂಡು ಹೋಗಿ. ಊಟ ಚೆನ್ನಾಗಿತ್ತು."

"ಯಾರಪ್ಪಾ ಅದು, ನಮಗೆ ಗೊತ್ತಿಲ್ದಂಗೆ ಕದ್ದು ಊಟ ಕೊಟ್ಟೋರು?" ಎಂದು ಜೋನೆಲ್ ಎದ್ದಳು. ಅವಳ ದನಿಯಲ್ಲಿ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ರಾಯ್ಸ್ ಆ ಚಕ್ಕೆ ಎದ್ದ ಮೂಲೆಯನ್ನು ನೋಡಿದ, ಆಮೇಲೆ ನನ್ನನ್ನು. ಚಮಚ ಕೆಳಗಿಟ್ಟು ಎದ್ದು ನಿಂತ.

"ನಮ್ದೇ ಅದು. ನಮ್ಮಮ್ಮಂದು. ನಾನೇ ಕೊಟ್ಬಂದೆ. ಏನೇ ಆಗ್ಲಿ, ಮನುಷ್ಯ ಅಂದ್ಮೇಲೆ ಹಸಿವಾಗುತ್ತಲ್ಲ."

ಹಿಂದಿನ ಮೇಜಿನಿಂದ ಯಾರೋ ಕೂಗಿದರು: "ಬಿಡೋ ರಾಯ್ಸ್, ನಿಂಗೆ ಮೊಟ್ಟೆ ಒಡೆಯೋಕೂ ಬರಲ್ಲ! ನೀನೆಲ್ಲಿ ಕೋಳಿ ಬೇಯಿಸ್ದೆ?"

ಹಾಲೆಲ್ಲ ನಕ್ಕಿತು. ನಗುತ್ತ ನಗುತ್ತಲೇ ಎಲ್ಲರ ತಲೆ ನನ್ನ ಕಡೆ ತಿರುಗಿತು. ಜೋನೆಲ್ ಪೆನ್ನು ಹಿಡಿದು ನಾನು ಕೂತಲ್ಲಿಗೇ ಬಂದಳು.

"ಅಂದ ಹಾಗೆ ನೆಲ್ಡಾ, ನೀನಿನ್ನೂ ಸಹಿ ಹಾಕೇ ಇಲ್ಲ ಅಲ್ವಾ? ಇಷ್ಟು ದಿನ ಪಾತ್ರೆ ತೊಳೆದಿದ್ದೇ ತೊಳೆದಿದ್ದು. ಬಾ, ಈಗ ಕೈ ಒಣಗಿದೆಯಲ್ಲ."

ಮನವಿಯನ್ನು ಬಾಯಿಗೆ ಸಿಕ್ಕ ಹಾಗೆ ಬೈಯಬೇಕೆನ್ನಿಸಿತು. ದೇಶ ಬಿಟ್ಟು ಹೋಗುವ ಸ್ವಾತಂತ್ರ್ಯ ಕೊಡಿ ಎಂದು ಕೇಳುವ ಈ ಜನರ ಮಧ್ಯದಿಂದ ಎದ್ದು ಬಾಗಿಲಾಚೆ ಹೋಗುವ ಸ್ವಾತಂತ್ರ್ಯ ನನಗಿರಲಿಲ್ಲ. ಲಸ್ಕ್ ಸರ್ ನನ್ನನ್ನೇ ನೋಡುತ್ತಿದ್ದರು. ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಕೈಯೆತ್ತದವರನ್ನು ನೋಡುತ್ತಿದ್ದರಲ್ಲ, ಅದೇ ನೋಟ.

"ಅವಳನ್ನ ಬಿಡು ಜೋನೆಲ್," ಅಂದರು. "ನೀವೆಲ್ಲ ಹುಡುಕ್ತಿರೋ ಆ ಮತ ನಂದು. ನಾನೇ ಹಾಕಿದ್ದು. ಸಮಾಧಾನ ಆಯ್ತಾ? ಇನ್ನು ನೆಮ್ಮದಿಯಾಗಿ ಊಟ ಮಾಡಿ."

ಹಾಲಿನ ತುಂಬ ಉಸಿರು ಬಿಟ್ಟ ಸದ್ದು. ಗೊತ್ತಿತ್ತು, ಗೊತ್ತೇ ಇತ್ತು ಎಂಬ ಪಿಸುಮಾತು. ಅದು ಸುಳ್ಳೆಂದು ತಿಳಿದಿರುವವಳು ಅಲ್ಲಿ ನಾನೊಬ್ಬಳೇ ಎಂದುಕೊಂಡೆ. ಒಂದೇ ಮತ ಇದ್ದದ್ದು, ಅದು ನನ್ನ ಕೈಯಿಂದ ಬಿದ್ದದ್ದು. ಅಂದರೆ ಲಸ್ಕ್ ಸರ್ ಊರಿನವರ ಹಾಗೆಯೇ ನಮ್ಮವನಿಗೇ ಮತ ಹಾಕಿದ್ದರು. ಹೆಂಡತಿಗೂ ಬಿಟ್ಟುಕೊಡದ ಗುಟ್ಟನ್ನು ಈಗ ಊರೆದುರು ಸುಳ್ಳು ಮಾಡಿ ಹೇಳಿದ್ದರು, ನನ್ನ ಸಲುವಾಗಿ.

ಅಲ್ಲ ಎಂದು ಹೇಳಲು ನಾನು ಎದ್ದೆ. ಎದ್ದದ್ದು ಸಹಿ ಹಾಕಲೆಂದು ಎಲ್ಲರೂ ತಿಳಿದರು. ಅಷ್ಟರಲ್ಲಿ ರಾಯ್ಸ್ ಜೋನೆಲ್ ಕೈಯಿಂದ ಪೆನ್ನು ಕಿತ್ತುಕೊಂಡು ಮೇಜಿನತ್ತ ನಡೆದ. ತಾನು ಮೊದಲೇ ಬರೆದಿದ್ದ ಹೆಸರಿನ ಎಡಕ್ಕೆ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ 'ಮಿಸ್ಟರ್ ಆಂಡ್ ಮಿಸೆಸ್' ಎಂದು ತುರುಕಿದ. ಮದುವೆಯ ಉಡುಗೊರೆಯ ಮೇಲೆ, ಕ್ರಿಸ್ಮಸ್ ಕಾರ್ಡಿನ ಮೇಲೆ ನಮ್ಮ ಕಡೆ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಬರೆಯುವುದೇ ಹಾಗೆ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

"ಮುಗೀತಲ್ಲ!" ಎಂದು ಜೋನೆಲ್ ಚಪ್ಪಾಳೆ ತಟ್ಟಿದಳು. "ಇನ್ನು ಪೈ ತಿನ್ನಿ." ಲಸ್ಕ್ ಸರ್ ಟಕ್ ಟಕ್ ಎಂದು ಬಾಗಿಲ ಕಡೆ ಹೊರಟಾಗ ಬಾಗಿಲು ತೆರೆದು ಹಿಡಿಯಲು ಒಬ್ಬರೂ ಏಳಲಿಲ್ಲ. ನಾನು ಎದ್ದೇ ಇದ್ದೆ, ಆದರೆ ರಾಯ್ಸ್ ನನ್ನ ಮೊಣಕೈ ಹಿಡಿದಿದ್ದ.

ಮನೆಗೆ ಹೋಗುವಾಗ ಪಿಕಪ್ ಗಾಡಿಯಲ್ಲಿ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಹತ್ತಿ ಹೊಲಗಳು ಕಳೆದು ನಮ್ಮ ಗೇಟು ಕಂಡಿತು.

"ಆ ಮತ ಅವರದ್ದಲ್ಲ, ರಾಯ್ಸ್," ಅಂದೆ.

"ಗೊತ್ತು."

"ಯಾವಾಗಿಂದ?"

"ಪೇಪರ್ ನೋಡಿದ ದಿನದಿಂದ. ನಿನ್ನ ಬಿಟ್ರೆ ಈ ಊರಲ್ಲಿ ಇನ್ಯಾರಿಗಿದೆ ಅಷ್ಟು ಧೈರ್ಯ?"

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹೊಗಳಿದ್ದೇ ಕಡಿಮೆ. ಹೊಗಳಲು ಈ ಗಳಿಗೆಯೇ ಬೇಕಿತ್ತೇ?

"ಹಾಗಾದ್ರೆ ನನ್ನ ಹೆಸರು ಯಾಕೆ ಬರೆದೆ?"

"ನೀನು ಬರೆಯಲ್ಲ ಅಂತ ಗೊತ್ತಿತ್ತು. ಅದಕ್ಕೇ ಬರೆದೆ." ಅವನು ಎಂಜಿನ್ ಆರಿಸಿದ, ಇಳಿಯಲಿಲ್ಲ. "ನಾನು ರಿಪೇರಿ ಮಾಡೋ ಪಂಪೆಲ್ಲ ಈ ಊರೋರ ಹೊಲದ್ದೇ ಕಣೇ. ದೇಶ ಹಾಳಾಗಿ ಹೋಗ್ಲಿ, ಇರಲಿ. ನಾವು ಬದುಕಬೇಕಾಗಿರೋದು ಇಲ್ಲಿ." ಪಾತ್ರೆ ಎತ್ತಿಕೊಂಡು ನಾನೊಬ್ಬಳೇ ಇಳಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುದಿನ ಮತ್ತೆ ಕೋಳಿ ಬೇಯಿಸಿದೆ. ಟೇಪು ಹರಿದು, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ನೆಲ್ಡಾ' ಎಂದಷ್ಟೇ ಬರೆದು ಪಾತ್ರೆಯ ತಳಕ್ಕೆ ಅಂಟಿಸಿದೆ. ಹಾಡಹಗಲಲ್ಲಿ ಕಾರು ತೆಗೆದುಕೊಂಡು ಹೋಗಿ ಲಸ್ಕ್ ಸರ್ ಮನೆಯ ಮುಂಬಾಗಿಲಲ್ಲೇ ನಿಲ್ಲಿಸಿದೆ. ಅದರ ಎದುರಿಗೇ ಜಿನ್ನಿಂಗ್ ಮಿಲ್ಲು. ಹತ್ತಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕಚೇರಿಯ ಮೆಟ್ಟಿಲ ಮೇಲಿದ್ದ ಜೋನೆಲ್ ನನ್ನನ್ನು ಕಂಡು ರಸ್ತೆ ದಾಟಿ ಬಂದಳು. ಬರಲಿ ಎಂದೇ ನಾನು ಕಾದಿದ್ದೆ.

"ಎಂಥ ದೊಡ್ಡ ಮನಸ್ಸೇ ನಿಂದು," ಅಂದಳು. "ಅಂಥವನಿಗೂ ಊಟ ತಂದಿದೀಯಲ್ಲ!"

"ಜೋನೆಲ್, ಆ ಮತ ನಂದು. ಅವರದ್ದಲ್ಲ. ನಾನು ಹಾಕಿದ್ದು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅವಳು ನನ್ನ ಭುಜ ತಟ್ಟಿ ನಕ್ಕಳು.

"ಅಯ್ಯೋ ಪಾಪದೋಳೇ! ಮುದುಕನ್ನ ಉಳಿಸೋಕೆ ಸುಳ್ಳು ಬೇರೆ ಹೇಳ್ತೀಯಾ? ಆತನೇ ಎಲ್ಲರೆದುರು ಒಪ್ಕೊಂಡಾಯ್ತು. ನಿನ್ನ ಹೆಸರು ನನ್ನ ಕಾಗದದಲ್ಲಿದೆ ಕಣೇ, ಇವತ್ತು ಬೆಳಗ್ಗೇನೇ ಪೋಸ್ಟ್ ಮಾಡ್ದೆ."

"ನಾನು ಸಹಿ ಹಾಕಿಲ್ಲ. ರಾಯ್ಸ್ ಬರೆದಿದ್ದು."

"ರಾಯ್ಸ್ ಬರೆದ್ರೇನು, ನೀನು ಬರೆದ್ರೇನು? ಒಂದೇ ತಾನೇ!" ಅಂದಳು. ಲಾರಿಯವರ ಕಡೆ ತಿರುಗಿ ಕೂಗಿದಳು: "ಕೇಳಿದ್ರಾ, ನೆಲ್ಡಾ ಏನಂತಾಳೆ!" ಅವರೆಲ್ಲ ನಕ್ಕು ನನ್ನತ್ತ ಟೋಪಿ ಎತ್ತಿದರು. ಗೌರವದಿಂದಲೇ.

ಬಾಗಿಲು ತೆರೆದಿತ್ತು. ಲಸ್ಕ್ ಸರ್ ವಾಕರಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಿ ಅಡುಗೆಮನೆಯ ಮೇಜಿನ ಮೇಲೆ ಪಾತ್ರೆ ಇಟ್ಟೆ. ಅವರು ಅದನ್ನು ಒಂದು ಬದಿ ಎತ್ತಿ ತಳ ನೋಡಿದರು.

"ಈ ಸಲ ಹೆಸರಿದೆ," ಅಂದರು.

"ಸತ್ಯ ಹೇಳ್ದೆ ಸರ್. ನಂಬ್ಲಿಲ್ಲ."

"ನಂಬಲ್ಲ. ನಾನು ಯಾರಿಗೆ ಹಾಕ್ದೆ ಅಂತ ಹೇಳಿದ್ರೂ ನಂಬಲ್ಲ." ಅವರು ಕುರ್ಚಿ ಎಳೆದು ಕೊಟ್ಟರು. "ಕೂತ್ಕೋ ಮಗು. ಇಬ್ಬರಿಗೂ ಬಡಿಸು."

ಹೊರಗೆ ಜೋನೆಲ್ ಇನ್ನೂ ನನ್ನ ದೊಡ್ಡ ಮನಸ್ಸನ್ನು ಹೊಗಳುತ್ತಿದ್ದಳು. ನಾನು ಎದ್ದು ಬಾಗಿಲು ಹಾಕಿ ಬಂದು, ಎರಡು ತಟ್ಟೆ ತೆಗೆದೆ.